‘ನಿಮ್ಮವರ ಓಟು ಯಾರಿಗೆ?’

2019ರ ಏಪ್ರಿಲ್ 18ರಂದು ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಪೈಕಿ 14ರಲ್ಲಿ ಮತದಾನ ನಡೆಯಿತು. ಬೆಂಗಳೂರಿನ ಕ್ಷೇತ್ರಗಳು, ಮೈಸೂರು, ದಕ್ಷಿಣ ಕನ್ನಡ, ಉಡುಪಿ–ಚಿಕ್ಕಮಗಳೂರು ಎಲ್ಲವೂ ಆ ಹಂತದಲ್ಲಿ ಸೇರಿದ್ದವು. ಅಂದು ಗುರುವಾರ. ಕ್ರೈಸ್ತರ ಪಾಲಿಗೆ ಅದು ಪವಿತ್ರ ಗುರುವಾರ; ಯೇಸು ಶಿಷ್ಯರೊಡನೆ ಕಡೆಯ ಭೋಜನಕ್ಕೆ ಕುಳಿತು, ಅವರ ಪಾದಗಳನ್ನು ತಾವೇ ತೊಳೆದ ದಿನ. ಮರುದಿನ ಶುಭ ಶುಕ್ರವಾರ. ಮತದಾನದ ದಿನಾಂಕ ಪ್ರಕಟವಾದಾಗ ಅಲ್ಲಲ್ಲಿ ಅಸಮಾಧಾನ ಕೇಳಿಬಂದಿತ್ತು. ಅದೇ ದಿನ ಮತದಾನವಿದ್ದ ತಮಿಳುನಾಡಿನಲ್ಲಿ ದಿನಾಂಕ ಬದಲಿಸಬೇಕೆಂಬ ಕೋರಿಕೆ ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. ನ್ಯಾಯಾಲಯ ಒಪ್ಪಲಿಲ್ಲ. ಕ್ರೈಸ್ತರು ಹಗಲು ಸರತಿಯಲ್ಲಿ ನಿಂತು ಮತ ಹಾಕಿದರು, ಸಂಜೆ ಚರ್ಚಿಗೆ ಹೋದರು. ನಾನೂ ಹಾಗೆಯೇ ಮಾಡಿದೆ.

ಸೇವೆಯಿಂದ ನಿವೃತ್ತನಾದ ಮೇಲೆ ನನಗೆ ಅದು ಮೊದಲ ಲೋಕಸಭಾ ಚುನಾವಣೆ. ಅಲ್ಲಿಯವರೆಗೆ ಚುನಾವಣೆಯೆಂದರೆ ನನಗೆ ಮತಗಟ್ಟೆಗಳ ಪಟ್ಟಿ, ಸಿಬ್ಬಂದಿಯ ತರಬೇತಿ, ಬಸ್ಸು–ಜೀಪುಗಳ ಏರ್ಪಾಡು, ಮತಯಂತ್ರಗಳಿಗೆ ಮೊಹರು, ನಿದ್ದೆಯಿಲ್ಲದ ಎರಡು ರಾತ್ರಿ. ಆ ಸಲ ಬರಿಯ ಮತದಾರನಾಗಿ ನಿಂತಿದ್ದೆ. ಸಂಜೆಯ ಬಲಿಪೂಜೆಯಲ್ಲಿ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವಾಗ, ಕುಳಿತವರ ಎಡಗೈ ತೋರುಬೆರಳುಗಳಲ್ಲಿ ನಮ್ಮ ಮೈಸೂರಿನ ಕಾರ್ಖಾನೆಯ ಶಾಯಿ ಕಾಣುತ್ತಿತ್ತು. ಎರಡು ಕರ್ತವ್ಯಗಳು ಒಂದೇ ದಿನ ಬಂದದ್ದರಿಂದ ಯಾವುದಕ್ಕೂ ಊನವಾಗಲಿಲ್ಲ.

ಕೆಲವು ದಿನಗಳ ನಂತರ ಸೇವೆಯ ದಿನಗಳ ಗೆಳೆಯರೊಬ್ಬರು ಫೋನು ಮಾಡಿದರು. ಆರೋಗ್ಯ, ಮಕ್ಕಳು, ಪಿಂಚಣಿ ಎಲ್ಲ ಮುಗಿದ ಮೇಲೆ, ‘ಅಂದ ಹಾಗೆ, ಈ ಸಲ ನಿಮ್ಮವರ ಓಟು ಯಾರಿಗೆ?’ ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಈ ಪ್ರಶ್ನೆಯನ್ನು ಮೂರು ದಶಕಗಳ ಕಾಲ ಕಚೇರಿಗಳಲ್ಲಿ, ಪ್ರವಾಸಿ ಮಂದಿರಗಳ ಊಟದ ಮೇಜಿನಲ್ಲಿ, ಒಮ್ಮೆ ಚುನಾವಣಾ ಸಿದ್ಧತೆಯ ಸಭೆ ಮುಗಿದ ಮೇಲೆ ಮೇಲಧಿಕಾರಿಯೊಬ್ಬರ ಬಾಯಲ್ಲೂ ಕೇಳಿದ್ದೇನೆ. ಇದರ ಬೆನ್ನಿಗೆ ಇನ್ನೆರಡು ಪ್ರಶ್ನೆಗಳು ಸದಾ ಇರುತ್ತವೆ. ಅವನ್ನು ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ನಿಮ್ಮ ನಿಷ್ಠೆ ದೇಶಕ್ಕೋ, ರೋಮಿಗೋ? ನಿಮ್ಮ ಸಂಸ್ಕೃತಿ ಈ ನೆಲದ್ದೋ, ಹೊರಗಿನದೋ? ಮೂರನ್ನೂ ಒಟ್ಟಿಗೇ ಪರಿಶೀಲಿಸುವುದು ಲೇಸು, ಏಕೆಂದರೆ ಮೂರರ ಬೇರೂ ಒಂದೇ. ಕ್ರೈಸ್ತನೊಬ್ಬ ಮೊದಲು ಸಮುದಾಯದ ಸದಸ್ಯ, ಆಮೇಲೆ ನಾಗರಿಕ ಎಂಬ ಗ್ರಹಿಕೆ ಆ ಬೇರು. ಈ ಗ್ರಹಿಕೆಯನ್ನು ನಮ್ಮ ಸಂವಿಧಾನ ರಚನಾ ಸಭೆ 1949ರಲ್ಲೇ ತಿರಸ್ಕರಿಸಿದೆ. ಆ ನಿರ್ಧಾರದಲ್ಲಿ ಕ್ರೈಸ್ತರ ಪಾಲು ಎಷ್ಟಿತ್ತೆಂಬುದನ್ನು ಬಹುಮಂದಿ ಮರೆತಿದ್ದಾರೆ. ಕ್ರೈಸ್ತರೂ ಮರೆತಿದ್ದಾರೆ.

ಬಿಟ್ಟುಕೊಟ್ಟ ಸ್ಥಾನಗಳು

1932ರಲ್ಲಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಕೋಮುವಾರು ತೀರ್ಪು ಮುಸ್ಲಿಮರು, ಸಿಖ್ಖರು ಮೊದಲಾದವರೊಂದಿಗೆ ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರಗಳನ್ನು ನೀಡಿತು. ಕ್ರೈಸ್ತನ ಮತ ಕ್ರೈಸ್ತನಿಗೇ ಎಂಬುದು ಅದರ ಅರ್ಥ. ಇದನ್ನು ಎಲ್ಲ ಕ್ರೈಸ್ತರೂ ಬಯಸಿರಲಿಲ್ಲ. ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಕ್ರೈಸ್ತರ ಪ್ರತಿನಿಧಿಯಾಗಿದ್ದ ಕೆ.ಟಿ. ಪಾಲ್ ಪ್ರತ್ಯೇಕ ಮತಕ್ಷೇತ್ರವನ್ನು ವಿರೋಧಿಸಿದವರು. ಅದು ಬೇಕೆಂದು ವಾದಿಸಿದ ಕ್ರೈಸ್ತ ನಾಯಕರೂ ಇದ್ದರು. ಅಂದರೆ ಆಗಲೂ ‘ನಿಮ್ಮವರ’ ಅಭಿಪ್ರಾಯ ಎಂಬ ಒಂದೇ ಅಭಿಪ್ರಾಯ ಇರಲಿಲ್ಲ.

ಸ್ವಾತಂತ್ರ್ಯ ಬಂದ 1947ರ ಆಗಸ್ಟ್ ತಿಂಗಳಲ್ಲಿಯೇ ಸಂವಿಧಾನ ರಚನಾ ಸಭೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟಿತು. ಆದರೆ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಕೆಲವು ಸ್ಥಾನಗಳನ್ನು ಕಾಯ್ದಿರಿಸುವ ಏರ್ಪಾಡನ್ನು ಉಳಿಸಿಕೊಂಡಿತು. 1949ರ ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ ಈ ಏರ್ಪಾಡನ್ನೂ ರದ್ದುಪಡಿಸಲು ನಿರ್ಧರಿಸಿತು. ಪರಿಶಿಷ್ಟರ ಮೀಸಲಾತಿ ಮಾತ್ರ ಉಳಿಯಿತು. ಸಮಿತಿಯಲ್ಲಿ ಆ ನಿರ್ಣಯವನ್ನು ಮಂಡಿಸಿದವರು ಎಚ್.ಸಿ. ಮುಖರ್ಜಿ. ಅವರು ಬಂಗಾಳದ ಕ್ರೈಸ್ತರು, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರು. ಅದನ್ನು ಬೆಂಬಲಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿತ್ ಗುರು ಜೆರೋಮ್ ಡಿಸೋಜ ಒಬ್ಬರು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿದ್ದರಿಂದ ಅವರು ಮದ್ರಾಸಿನ ಪ್ರತಿನಿಧಿಯಾಗಿ ಆ ಸಭೆಯಲ್ಲಿದ್ದರು.

ಇದನ್ನು ತ್ಯಾಗವೆಂದು ಕೊಂಡಾಡುವ ರೂಢಿಯಿದೆ. ಅರ್ಥಶಾಸ್ತ್ರ ಓದಿದ ನನಗೆ ಅದು ಒಪ್ಪಂದವಾಗಿ ಕಾಣುತ್ತದೆ. ಒಂದು ಸಣ್ಣ ಸಮುದಾಯ ಶಾಸನಸಭೆಯಲ್ಲಿ ತನಗೆ ಖಾತರಿಯಾಗಿದ್ದ ಸ್ಥಾನಗಳನ್ನು ಬಿಟ್ಟುಕೊಟ್ಟಿತು. ಬದಲಿಗೆ ಅದು ಪಡೆದದ್ದು ಎಲ್ಲರಿಗೂ ಸಮಾನವಾದ ಪೌರತ್ವದ ಭರವಸೆಯನ್ನು, 25ನೆಯ ವಿಧಿಯು ಕೊಟ್ಟ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಆ ವಿಧಿಯಲ್ಲಿ ‘ಪ್ರಸಾರ’ ಎಂಬ ಪದ ಉಳಿದದ್ದು ಅಲ್ಪಸಂಖ್ಯಾತರೊಡನೆ, ವಿಶೇಷವಾಗಿ ಕ್ರೈಸ್ತರೊಡನೆ, ಆದ ಒಡಂಬಡಿಕೆಯಿಂದ ಎಂಬುದನ್ನು ಕೆ.ಎಂ. ಮುನ್ಷಿ ಸಭೆಯಲ್ಲೇ ಹೇಳಿದ್ದರು. ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪಿತ್ತಿತು. ಆ ಚರ್ಚೆ ಬೇರೆ. ಇಲ್ಲಿ ಮುಖ್ಯವಾದುದು ಇಷ್ಟು: ನಮ್ಮನ್ನು ಪ್ರತ್ಯೇಕವಾಗಿ ಎಣಿಸಬೇಡಿ ಎಂದು ಹೇಳಿದವರಲ್ಲಿ ಕ್ರೈಸ್ತರೇ ಮುಂಚೂಣಿಯಲ್ಲಿದ್ದರು. ಆಂಗ್ಲೋ–ಇಂಡಿಯನ್ನರಿಗೆ ಉಳಿದಿದ್ದ ನಾಮಕರಣದ ಸ್ಥಾನಗಳೂ 2020ರ ಜನವರಿಯಲ್ಲಿ, 104ನೆಯ ತಿದ್ದುಪಡಿಯೊಂದಿಗೆ ಕೊನೆಗೊಂಡವು. ಹೀಗಿರುವಾಗ ಮತಗಟ್ಟೆವಾರು ಲೆಕ್ಕ ಹಾಕಿ ‘ಕ್ರೈಸ್ತರ ಮತ’ ಎಂಬ ರಾಶಿಯೊಂದನ್ನು ಕಟ್ಟುವುದು, ನಾವು ಬಿಟ್ಟುಕೊಟ್ಟ ಪ್ರತ್ಯೇಕ ಮತಕ್ಷೇತ್ರವನ್ನು ಹಿಂಬಾಗಿಲಿನಿಂದ ಮರಳಿ ತಂದಂತೆ.

ಚರ್ಚಿನ ಮಿತಿ, ಭಯದ ಬಲ

2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 2.3, ಕರ್ನಾಟಕದಲ್ಲಿ ಶೇ 1.9ಕ್ಕೂ ಕಡಿಮೆ, ಸುಮಾರು 11.4 ಲಕ್ಷ ಮಂದಿ. ದಕ್ಷಿಣ ಕನ್ನಡದಲ್ಲಿ ಶೇ 8ರಷ್ಟಿದ್ದಾರೆ. ಈ ಸಂಖ್ಯೆಯ ಬಲದಿಂದ ಯಾರನ್ನೂ ಗೆಲ್ಲಿಸಲಾಗದು. ಆದರೂ ಉಡುಪಿಯ ಮತದಾರರು 1980ರಿಂದ ಸತತ ಐದು ಬಾರಿ ಆಸ್ಕರ್ ಫರ್ನಾಂಡಿಸರನ್ನು ಲೋಕಸಭೆಗೆ ಕಳಿಸಿದರು. ಉತ್ತರ ಕನ್ನಡದವರು 1999ರಲ್ಲಿ ಮಾರ್ಗರೆಟ್ ಆಳ್ವರನ್ನು ಆರಿಸಿದರು. ಮಂಗಳೂರಿನಲ್ಲಿ ಹುಟ್ಟಿ, ಗುರುವಾಗಲೆಂದು ಬೆಂಗಳೂರಿನ ಸೆಮಿನರಿಗೆ ಸೇರಿ, ಅದನ್ನು ಬಿಟ್ಟು ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನೊಳಗಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಭಾರಿ ಅಂತರದಲ್ಲಿ ಗೆದ್ದರು. ಅಲ್ಲಿ ಕ್ರೈಸ್ತರ ಸಂಖ್ಯೆ ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ. ಬಿಹಾರದ ರೈತನೊಬ್ಬ ಅಂದು ‘ಇವರು ಯಾರವರು?’ ಎಂದು ಕೇಳಿಕೊಂಡು ಮತ ಹಾಕಿದ್ದರೆ ಆ ಫಲಿತಾಂಶ ಬರುತ್ತಿರಲಿಲ್ಲ.

ಹಾಗಾದರೆ ವಿಶ್ವಾಸಕ್ಕೂ ಮತಕ್ಕೂ ಸಂಬಂಧವೇ ಇಲ್ಲವೇ? ಇದೆ. ದೇವರಲ್ಲಿ ನಂಬಿಕೆಯಿಟ್ಟವನು ಮತಗಟ್ಟೆಯ ಬಾಗಿಲಲ್ಲಿ ಅದನ್ನು ಚಪ್ಪಲಿಯಂತೆ ಕಳಚಿಟ್ಟು ಹೋಗಲಾರ. ಬಡವನಿಗೆ ನ್ಯಾಯ ಸಿಗಬೇಕು, ಸುಳ್ಳು ಹೇಳಬಾರದು, ಲಂಚ ಮುಟ್ಟಬಾರದು, ಹಗೆ ಸಾಧಿಸಬಾರದು ಎಂಬ ಬಾಲ್ಯದ ಪಾಠಗಳು ಅವನ ತೀರ್ಮಾನದಲ್ಲಿ ಕೆಲಸ ಮಾಡಲೇಬೇಕು. ಆದರೆ ವಿಶ್ವಾಸ ಕಲಿಸುವುದು ಅಳತೆಗೋಲನ್ನು, ಅಭ್ಯರ್ಥಿಯ ಹೆಸರನ್ನಲ್ಲ. ಅದೇ ಅಳತೆಗೋಲು ಹಿಡಿದ ಇಬ್ಬರು ಪ್ರಾಮಾಣಿಕ ಕ್ರೈಸ್ತರು ಎರಡು ಪಕ್ಷಗಳಿಗೆ ಮತ ಹಾಕಬಹುದು. ಒಬ್ಬನಿಗೆ ಭೂಸುಧಾರಣೆ ದೊಡ್ಡದಾಗಿ ಕಂಡೀತು, ಇನ್ನೊಬ್ಬನಿಗೆ ಭ್ರಷ್ಟಾಚಾರ.

ಕಾನೂನು ಕೂಡ ಈ ಗೆರೆಯನ್ನು ಎಳೆದಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೆಯ ಪ್ರಕರಣದ ಪ್ರಕಾರ, ಇಂಥವರಿಗೆ ಮತ ಹಾಕದಿದ್ದರೆ ದೈವಕೋಪಕ್ಕೆ ತುತ್ತಾಗುವೆ ಎಂದು ಮತದಾರನನ್ನು ನಂಬಿಸುವುದು ಚುನಾವಣಾ ಭ್ರಷ್ಟಾಚಾರ. ಧರ್ಮದ ಹೆಸರಿನಲ್ಲಿ ಮತ ಕೇಳುವುದೂ ಅಷ್ಟೇ. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಈ ನಿಷೇಧದ ವ್ಯಾಪ್ತಿಯನ್ನು ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲದೆ ಮತದಾರನ ಧರ್ಮಕ್ಕೂ ವಿಸ್ತರಿಸಿತು. ಕಥೋಲಿಕ ಧರ್ಮಸಭೆಯ ಸ್ವಂತ ಕಾನೂನು ಸಂಹಿತೆಯೂ ಗುರುಗಳು ಅಧಿಕಾರದ ಹುದ್ದೆ ಹಿಡಿಯುವುದನ್ನು, ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗುವುದನ್ನು ನಿರ್ಬಂಧಿಸುತ್ತದೆ.

ಈ ಗೆರೆ ದಾಟಿದ ಉದಾಹರಣೆಗಳಿಲ್ಲವೆಂದು ಹೇಳಲಾರೆ. ಕೇರಳದಲ್ಲಿ ಇ.ಎಂ.ಎಸ್. ಸರ್ಕಾರದ ಶಿಕ್ಷಣ ಮಸೂದೆಯ ವಿರುದ್ಧ ಎದ್ದ ‘ವಿಮೋಚನಾ ಸಮರ’ದಲ್ಲಿ ಕಥೋಲಿಕ ಚರ್ಚು ನಾಯರ್ ಸೇವಾ ಸಂಘದ ಜೊತೆ ಬೀದಿಗಿಳಿಯಿತು. 1959ರ ಜುಲೈ 31ರಂದು ಚುನಾಯಿತ ಸರ್ಕಾರ ವಜಾ ಆಯಿತು. ಶಾಲೆಗಳ ಆಡಳಿತದ ಹಕ್ಕಿಗಾಗಿ ನ್ಯಾಯಾಲಯದಲ್ಲಿ ಹೋರಾಡುವುದು ಒಂದು. ಧರ್ಮದ ಬಲದಿಂದ ಸರ್ಕಾರವನ್ನು ಉರುಳಿಸಲು ಹೊರಡುವುದು ಇನ್ನೊಂದು. ಅಂದಿನ ಗೆಲುವು ಮುಂದಿನ ಎಷ್ಟೋ ವರ್ಷ ಚರ್ಚಿನ ಮಾತಿಗೆ ಅನುಮಾನದ ನೆರಳನ್ನು ಅಂಟಿಸಿತು. ನಾಗಾಲ್ಯಾಂಡಿನದು ಇನ್ನೊಂದು ಪಾಠ. ಅಲ್ಲಿನ ಜನಸಂಖ್ಯೆಯಲ್ಲಿ ಶೇ 88ರಷ್ಟು ಕ್ರೈಸ್ತರು. ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚುಗಳ ಮಂಡಳಿ ಹಣ–ಹೆಂಡದ ವಿರುದ್ಧ, ಒಬ್ಬರ ಮತವನ್ನು ಇನ್ನೊಬ್ಬರು ಹಾಕುವ ಚಾಳಿಯ ವಿರುದ್ಧ ‘ಶುದ್ಧ ಚುನಾವಣೆ’ ಆಂದೋಲನ ನಡೆಸಿದೆ. ಚರ್ಚಿಗೆ ಒಪ್ಪುವ ಕೆಲಸವದು. ಆದರೆ 2018ರ ವಿಧಾನಸಭಾ ಚುನಾವಣೆಗೆ ಮುನ್ನ ಅದೇ ಮಂಡಳಿ ಬರೆದ ಬಹಿರಂಗ ಪತ್ರ ಬಿಜೆಪಿಯ ವಿರುದ್ಧದ ಕರೆಯೆಂದೇ ಜನಜನಿತವಾಯಿತು. ಮತದಾರರು ಏನು ಮಾಡಿದರು? ಬಿಜೆಪಿ ಸ್ಪರ್ಧಿಸಿದ 20 ಸ್ಥಾನಗಳಲ್ಲಿ 12ನ್ನು ಗೆದ್ದಿತು. ಅದು ಸರಿಯೋ ತಪ್ಪೋ ಬೇರೆ ಮಾತು. ಕ್ರೈಸ್ತ ಮತದಾರ ಚರ್ಚಿನ ಪತ್ರವನ್ನು ಓದಿಯೂ ತನ್ನ ಲೆಕ್ಕವನ್ನು ತಾನೇ ಹಾಕುತ್ತಾನೆ ಎಂಬುದಂತೂ ಸಾಬೀತಾಯಿತು.

ಇಷ್ಟಾದರೂ ಕೆಲವು ಕಡೆ, ಕೆಲವು ಚುನಾವಣೆಗಳಲ್ಲಿ ಒಂದು ಸಮುದಾಯ ಹೆಚ್ಚುಕಡಿಮೆ ಒಂದೇ ಕಡೆ ವಾಲುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಕಾರಣ ವಿಶ್ವಾಸವಲ್ಲ, ಭಯ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಅಂಥ ಭಾನುವಾರವನ್ನು ಕಂಡ ಕುಟುಂಬ ಮುಂದಿನ ಚುನಾವಣೆಯಲ್ಲಿ ಬೆಲೆಯೇರಿಕೆ, ರಸ್ತೆ, ನೀರು ಇವನ್ನೆಲ್ಲ ಬದಿಗಿಟ್ಟು ‘ನಮ್ಮನ್ನು ಯಾರು ಕಾಯುತ್ತಾರೆ’ ಎಂಬ ಒಂದೇ ಪ್ರಶ್ನೆ ಕೇಳಿಕೊಂಡರೆ ಅದನ್ನು ಮತಬ್ಯಾಂಕ್ ಎಂದು ಹೀಗಳೆಯುವುದು ನ್ಯಾಯವಲ್ಲ. ಅವರ ಪಾಲಿಗೆ ಇದು ನಷ್ಟದ ವ್ಯವಹಾರವೇ. ಯಾರಿಗೆ ಹೋಗುತ್ತದೆಂದು ಮೊದಲೇ ತಿಳಿದ ಮತಕ್ಕೆ ಚೌಕಾಶಿಯ ಶಕ್ತಿ ಇರುವುದಿಲ್ಲ. ಒಂದು ಪಕ್ಷ ಅದನ್ನು ತನ್ನ ಜೇಬಿನಲ್ಲಿದೆಯೆಂದು ಉದಾಸೀನ ಮಾಡುತ್ತದೆ. ಇನ್ನೊಂದು, ಹೇಗೂ ಸಿಗದೆಂದು ಕೈಬಿಡುತ್ತದೆ. ಅಲ್ಪಸಂಖ್ಯಾತರು ಗುಂಪಾಗಿ ಮತ ಹಾಕಬಾರದೆಂದು ಬಯಸುವವರು ಮೊದಲು ಮಾಡಬೇಕಾದುದು ಉಪದೇಶವಲ್ಲ, ರಕ್ಷಣೆ. ನಿರ್ಭಯನಾದ ಮತದಾರ ಮಾತ್ರ ಒಂಟಿಯಾಗಿ ಯೋಚಿಸಬಲ್ಲ.

ನಾಣ್ಯದ ಮೇಲಿನ ಮುಖ

ಇನ್ನು ನಿಷ್ಠೆಯ ಮಾತು. ಯೇಸುವನ್ನು ಸಿಕ್ಕಿಸಿಹಾಕಲೆಂದು ಕೆಲವರು ಚಕ್ರವರ್ತಿಗೆ ತೆರಿಗೆ ಕೊಡಬೇಕೇ ಬೇಡವೇ ಎಂದು ಕೇಳಿದ ಪ್ರಸಂಗ ಶುಭಸಂದೇಶಗಳಲ್ಲಿದೆ. ಆತ ನಾಣ್ಯ ತರಿಸಿ, ಅದರ ಮೇಲೆ ಯಾರ ಮುಖವಿದೆ ಎಂದು ಕೇಳುತ್ತಾನೆ. ಚಕ್ರವರ್ತಿಯದ್ದು ಚಕ್ರವರ್ತಿಗೆ ಸಲ್ಲಲಿ, ದೇವರದ್ದು ದೇವರಿಗೆ ಎಂಬರ್ಥದ ಉತ್ತರ ಕೊಡುತ್ತಾನೆ. ತೆರಿಗೆ ಇಲಾಖೆಯವರಿಗೆ ಪ್ರಿಯವಾಗಬಹುದಾದ ಈ ಉತ್ತರದ ಮೊದಲ ಭಾಗವನ್ನೇ ಹಲವರು ನೆನಪಿಟ್ಟುಕೊಳ್ಳುತ್ತಾರೆ. ಎರಡನೆಯ ಭಾಗದಲ್ಲಿ ಪ್ರಭುತ್ವಕ್ಕೊಂದು ಮಿತಿಯಿದೆ: ನಾಣ್ಯ ಅದಕ್ಕೆ ಸೇರಿದ್ದು, ಮನುಷ್ಯನ ಅಂತಃಸಾಕ್ಷಿ ಅಲ್ಲ.

ಆದಿಯ ಕ್ರೈಸ್ತರು ರೋಮಿನ ಚಕ್ರವರ್ತಿಗಾಗಿ ಪ್ರಾರ್ಥಿಸುತ್ತಿದ್ದರು, ಚಕ್ರವರ್ತಿಯನ್ನು ಪೂಜಿಸಲು ಒಪ್ಪುತ್ತಿರಲಿಲ್ಲ. ಅವನ ಪ್ರತಿಮೆಯ ಮುಂದೆ ಚಿಟಿಕೆ ಧೂಪ ಹಾಕಲೊಲ್ಲದ್ದಕ್ಕೆ ರಾಜದ್ರೋಹಿಗಳೆನಿಸಿದರು. ಈ ವ್ಯತ್ಯಾಸವನ್ನು ಕ್ರೈಸ್ತರೇ ಮರೆತಾಗ ಏನಾಗುತ್ತದೆಂಬುದಕ್ಕೆ ಹಿಟ್ಲರನ ಜರ್ಮನಿ ಸಾಕ್ಷಿ. ಅಲ್ಲಿನ ಪ್ರೊಟೆಸ್ಟೆಂಟರಲ್ಲಿ ದೊಡ್ಡದೊಂದು ಗುಂಪು ನಾಯಕನಿಗೂ ಜನಾಂಗಕ್ಕೂ ಜೈಕಾರ ಹಾಕಿತು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿದವರು ಪ್ರಭುತ್ವಕ್ಕೆ ಚರ್ಚಿನ ಅಂತಃಸಾಕ್ಷಿಯ ಮೇಲೆ ಒಡೆತನವಿಲ್ಲವೆಂದು ಘೋಷಿಸಿದರು. ಆ ಪಂಥದ ಡೀಟ್ರಿಷ್ ಬಾನ್‌ಹೋಫರ್ 1945ರ ಏಪ್ರಿಲ್ 9ರಂದು ನೇಣಿಗೇರಿದರು. ದೇಶಭಕ್ತಿಯ ಕೊರತೆಗಿಂತ ಅದರ ಕುರುಡು ಅತಿರೇಕವೇ ಆ ದೇಶವನ್ನು ಹಾಳುಮಾಡಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 1985ರಲ್ಲಿ ಕೇರಳದ ಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ‘ಯೆಹೋವನ ಸಾಕ್ಷಿಗಳು’ ಪಂಥದವರು. ಪ್ರತಿದಿನ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಕೇರಳ ಹೈಕೋರ್ಟು ಅವರ ಮನವಿಯನ್ನು ತಳ್ಳಿಹಾಕಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಗೌರವದಿಂದ ನಿಂತವರು ಅಗೌರವ ತೋರಿದಂತಾಗದು ಎಂದು ತೀರ್ಮಾನಿಸಿ ಮಕ್ಕಳನ್ನು ಶಾಲೆಗೆ ಮರಳಿಸಿತು. ನಾನು ಆ ಪಂಥದವನಲ್ಲ. ರಾಷ್ಟ್ರಗೀತೆಯನ್ನು ಬಾಯ್ತುಂಬ ಹಾಡುತ್ತೇನೆ. ಆ ಪಂಥದವರು ಮತದಾನದಿಂದಲೂ ದೂರ ಉಳಿಯುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಅವರ ಮೌನವನ್ನು ಸಹಿಸುವ ಶಕ್ತಿಯಿರುವ ಗಣರಾಜ್ಯದ ಬಗ್ಗೆ ನನಗೆ ಹೆಮ್ಮೆಯಿದೆ. ಬಲವಂತದ ಹಾಡಿಗಿಂತ ಸ್ವಇಚ್ಛೆಯ ಗೌರವಕ್ಕೆ ಬೆಲೆ ಹೆಚ್ಚು.

ನಿಷ್ಠೆಗೆ ಪುರಾವೆ ಕೇಳಿದಾಗ ನಮ್ಮವರು ಪಟ್ಟಿ ತೆಗೆಯುತ್ತಾರೆ: 1971ರ ಯುದ್ಧದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ, ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್, ಹೀಗೆ. ಪಟ್ಟಿ ಸತ್ಯವೇ. ಆದರೆ ಅದನ್ನು ಒಪ್ಪಿಸುತ್ತ ನಿಲ್ಲುವುದು ನನಗೆ ಮುಜುಗರ. ಇತರರಿಂದ ಯಾರೂ ಇಂಥ ಪಟ್ಟಿ ಕೇಳುವುದಿಲ್ಲವಲ್ಲ. ನನ್ನ ವಿಷಯಕ್ಕೆ ಹತ್ತಿರದ ಒಬ್ಬರನ್ನು ಮಾತ್ರ ನೆನೆಯುತ್ತೇನೆ, ಅದೂ ಪುರಾವೆಗಾಗಿ ಅಲ್ಲ. ತಂಜಾವೂರಿನ ಕ್ರೈಸ್ತ ಕುಟುಂಬದ ಜೆ.ಸಿ. ಕುಮಾರಪ್ಪ ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಗಾಂಧೀಜಿಯ ಬಳಿಗೆ ಬಂದರು. ‘ಯಂಗ್ ಇಂಡಿಯಾ’ದ ಹೊಣೆ ಹೊತ್ತು ಜೈಲಿಗೆ ಹೋದರು. ಗ್ರಾಮೋದ್ಯೋಗಗಳಿಗಾಗಿ ಬದುಕು ಸವೆಸಿದರು. ಸೆರೆಯಲ್ಲಿದ್ದಾಗ ಶಾಶ್ವತತೆಯ ಅರ್ಥವ್ಯವಸ್ಥೆಯ ಬಗ್ಗೆ ಒಂದು, ಯೇಸುವಿನ ಬೋಧನೆಯ ಬಗ್ಗೆ ಒಂದು ಎರಡು ಪುಸ್ತಕ ಬರೆದರು. ಅವರಲ್ಲಿ ದೇಶಪ್ರೇಮವೂ ವಿಶ್ವಾಸವೂ ಒಂದನ್ನೊಂದು ಕಡಿಮೆ ಮಾಡಲಿಲ್ಲ. ಆದರೆ ಬ್ರಿಟಿಷ್ ಪ್ರಭುತ್ವದ ದೃಷ್ಟಿಯಲ್ಲಿ ಅವರು ನಿಷ್ಠರಲ್ಲ. ಯಾರಿಗೆ ನಿಷ್ಠೆ ಎಂಬುದಕ್ಕೆ ಆಳುವವರು ಕೊಡುವ ಉತ್ತರವೇ ಯಾವಾಗಲೂ ಸರಿಯಾಗಬೇಕಿಲ್ಲ ಎಂಬುದನ್ನು ಅವರ ಬದುಕು ಹೇಳುತ್ತದೆ.

ಯಾರ ಸಂಸ್ಕೃತಿ?

ಸಂಸ್ಕೃತಿಯ ಪ್ರಶ್ನೆಗೆ ಕನ್ನಡಿಗನಾದ ನನಗೆ ಸಿದ್ಧ ಉತ್ತರವೊಂದಿದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ 70 ಸಾವಿರಕ್ಕೂ ಹೆಚ್ಚು ಪದಗಳ ನಿಘಂಟು. ಆದರೆ ಈ ಉತ್ತರ ಪೂರ್ತಿ ಪ್ರಾಮಾಣಿಕವಲ್ಲ. ಅವರು ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನರು, ಧರ್ಮಪ್ರಸಾರಕ್ಕೆಂದೇ ಬಂದವರು. ಕನ್ನಡದ ಸೊಗಸಿಗೆ ಮನಸೋತು ಅದರ ಸೇವೆಗೆ ನಿಂತವರು. ಅವರ ಕೆಲಸಕ್ಕೆ ಇಡೀ ನಾಡು ಋಣಿ. ಅದರ ಮೇಲೆ ಇಲ್ಲಿನ ಕ್ರೈಸ್ತನಿಗೆ ಪಕ್ಕದ ಮನೆಯವನಿಗಿಂತ ಹೆಚ್ಚಿನ ಹಕ್ಕೇನೂ ಇಲ್ಲ.

ನಿಜವಾದ ಉತ್ತರ ಬೇರೆಡೆ ಇದೆ. ಸಾಗರದ ನಾ. ಡಿಸೋಜ ಅವರು ಬರೆದದ್ದು ಶರಾವತಿಯ ಕಥೆಯನ್ನು. ನಾಡಿಗೆ ಬೆಳಕು ಕೊಡಲೆಂದು ಊರು ಕಳೆದುಕೊಂಡವರ ಕಥೆಯನ್ನು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಚಿತ್ರವಾಗಿಸಿದರು. 2014ರಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಯಾರೂ ಅವರ ಧರ್ಮ ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವನ್ನು ಅವರ ಬರಹವೇ ಉಳಿಸಿರಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮಲೆನಾಡು ತನ್ನವರೊಬ್ಬರನ್ನು ಕಳೆದುಕೊಂಡಿತು. ಕರಾವಳಿಯಲ್ಲಿ ಪ್ರತಿ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ. ಮೇರಿ ಮಾತೆಯ ಜನ್ಮದಿನವದು. ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಯವರೆಲ್ಲ ಕೂಡಿ ಉಣ್ಣುವ ದಿನವೂ ಹೌದು. ನೆರೆಮನೆಯ ತುಳುವರ ಹೊಸ ಅಕ್ಕಿ ಊಟಕ್ಕೂ ಕೊಡವರ ಪುತ್ತರಿಗೂ ಇದಕ್ಕೂ ಇರುವ ನೆಂಟಸ್ತಿಕೆಯನ್ನು ವಿವರಿಸಲು ಪಂಡಿತರು ಬೇಕಿಲ್ಲ. ಒಂದೇ ಮಳೆ, ಒಂದೇ ಗದ್ದೆ.

ಆದರೂ ಇಲ್ಲಿ ಕ್ರೈಸ್ತರು ಆತ್ಮಾವಲೋಕನ ಮಾಡಿಕೊಳ್ಳಬೇಕಾದ ಮಾತಿದೆ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲತೀನಿನ ಜಾಗದಲ್ಲಿ ಜನಭಾಷೆಗಳಿಗೆ ಅವಕಾಶ ಕೊಟ್ಟಿತು. ಬೆಂಗಳೂರಿನ ಮಹಾಧರ್ಮಕ್ಷೇತ್ರದಲ್ಲಿ ಆ ಜನಭಾಷೆ ಯಾವುದು, ಕನ್ನಡವೋ ತಮಿಳೋ ಎಂಬ ಜಗಳ ದಶಕಗಳ ಕಾಲ ನಡೆದು, ಪೂಜಾಪೀಠದ ಮುಂದೆಯೇ ಕೂಗಾಟಗಳಾದವು. ವಲಸೆ ಬಂದ ಬಡವನಿಗೆ ತನ್ನ ತಾಯ್ನುಡಿಯಲ್ಲಿ ಪ್ರಾರ್ಥಿಸುವ ಹಕ್ಕಿದೆ. ಹಾಗೆಯೇ ಈ ನೆಲದ ಚರ್ಚು ಈ ನೆಲದ ನುಡಿಯನ್ನು ಮೂಲೆಗೆ ಸರಿಸಿ ತಾನು ಹೊರಗಿನದಲ್ಲವೆಂದು ವಾದಿಸಲಾಗದು. ಕನ್ನಡದಲ್ಲಿ ಪ್ರಾರ್ಥಿಸಲು ಕಲಿತವನಿಗೆ ಸಂಸ್ಕೃತಿಯ ಪ್ರಮಾಣಪತ್ರ ಬೇಕಾಗುವುದಿಲ್ಲ.

ಪಾಲನೆಯಾಗದ ಕರಾರು

1949ರ ಒಪ್ಪಂದದಲ್ಲಿ ಧರ್ಮದ ಆಧಾರದ ಮೇಲೆ ಎಣಿಸುವುದಿಲ್ಲ ಎಂದ ಪ್ರಭುತ್ವ, ಮರುವರ್ಷವೇ ಒಂದು ಕಡೆ ಎಣಿಸಿತು. 1950ರ ಪರಿಶಿಷ್ಟ ಜಾತಿಗಳ ಆದೇಶ ಈ ಮನ್ನಣೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಣೆಯಾಯಿತು. ದಲಿತ ಕ್ರೈಸ್ತ, ದಲಿತ ಮುಸ್ಲಿಮರು ಹೊರಗುಳಿದರು. ಪರಿಶಿಷ್ಟ ಪಂಗಡದವನು ಕ್ರೈಸ್ತನಾದರೆ ಅವನ ಮನ್ನಣೆಗೆ ಬಾಧೆಯಿಲ್ಲ. ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಮನ್ನಣೆ ಹೋಗುತ್ತದೆ. ಹೀಗಾಗಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ 36ರಲ್ಲಿ ದಲಿತ ಕ್ರೈಸ್ತ ಮತ ಹಾಕಬಹುದು, ನಾಮಪತ್ರ ಸಲ್ಲಿಸುವಂತಿಲ್ಲ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧಾರ್ಮಿಕ ಷರತ್ತನ್ನು ತೆಗೆದುಹಾಕಲು ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು.

ಮೀಸಲಾತಿಯ ಹಂಚಿಕೆ ಸುಲಭದ ವಿಷಯವಲ್ಲ. ಈಗಿನ ಫಲಾನುಭವಿಗಳ ಪಾಲು ಕರಗುವ ಆತಂಕ ಸುಳ್ಳಲ್ಲ. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವಲ್ಲ ಎಂಬ ಆಕ್ಷೇಪಕ್ಕಂತೂ ನಾವು ತಲೆತಗ್ಗಿಸಬೇಕು. ಬೋಧನೆಯಲ್ಲಿ ಇಲ್ಲ, ಮದುವೆಯ ಮಾತುಕತೆಯಲ್ಲಿ ಇದೆ. ಕೆಲವೆಡೆ ಸ್ಮಶಾನದಲ್ಲೂ ಇದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನ ಧರ್ಮಸಭೆಯೊಳಗಿನ ದಲಿತರ ಸಬಲೀಕರಣಕ್ಕೆಂದು ನೀತಿಯೊಂದನ್ನು ಪ್ರಕಟಿಸಿದ್ದು 2016ರಲ್ಲಿ. ಭಾರತದ ದಲಿತರೊಬ್ಬರು ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ. ಸರ್ಕಾರದಿಂದ ನ್ಯಾಯ ಕೇಳುವ ಬಾಯಿ ತನ್ನ ಅಂಗಳದಲ್ಲೂ ಅದನ್ನು ನುಡಿಯಬೇಕು.

ಚರ್ಚು ಅಭ್ಯರ್ಥಿಯ ಸುಳಿವು ಕೊಡುವ ಪತ್ರಗಳನ್ನು ಬಿಟ್ಟು ಮತ ಮಾರಬೇಡಿ, ಮತ ಬಿಡಬೇಡಿ ಎಂಬ ಎರಡು ಮಾತು ಹೇಳಲಿ. ಪಕ್ಷಗಳು ಹಬ್ಬಕ್ಕೆ ಕೇಕು ತರುವ ಬದಲು ಬೀದಿಗೆ ನೀರು ತರಲಿ. ಸರ್ಕಾರ ಪ್ರಾರ್ಥನೆಗೆ ಸೇರಿದವರನ್ನು ರಕ್ಷಿಸಲಿ. ಉಳಿದುದನ್ನು ಮತದಾರನಿಗೆ ಬಿಡಬಹುದು.

ಸೇವೆಯಲ್ಲಿದ್ದಾಗ ಕಂಡದ್ದೊಂದು ನೆನಪಿದೆ. ಮಿಷನ್ ಶಾಲೆಯೊಂದರಲ್ಲಿ ಮತಗಟ್ಟೆ. ಗೋಡೆಯ ಮೇಲಿನ ಶಿಲುಬೆಗೆ ಪಕ್ಷವೊಂದರ ಏಜೆಂಟರು ಆಕ್ಷೇಪವೆತ್ತಿದರು. ನಾಯಕರ ಚಿತ್ರಗಳನ್ನು ಮುಚ್ಚಿದ ಹಾಗೆ ಅದನ್ನೂ ಹಳೆಯ ಪತ್ರಿಕೆಯಿಂದ ಮುಚ್ಚಿಸಿದೆ. ಮುಚ್ಚಿದ್ದು ಸರಿಯೆಂದೇ ಈಗಲೂ ಭಾವಿಸುತ್ತೇನೆ. ಮಧ್ಯಾಹ್ನ ಬಂದ ಮುದುಕಿಯೊಬ್ಬರು ಅದೇ ಶಾಲೆಯಲ್ಲಿ ಓದಿದವರಿರಬೇಕು. ಆ ಕಾಗದದ ಕಡೆ ಒಮ್ಮೆ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮರೆಯೊಳಗೆ ಹೋದರು. ಯಾರಿಗೆ ಮತ ಹಾಕಿದರೋ ದೇವರಿಗೇ ಗೊತ್ತು. ಕಾನೂನು ಬಯಸುವುದೂ ಅದನ್ನೇ.

ಫೋನು ಮಾಡಿದ ಗೆಳೆಯರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ‘ಅದಿರಲಿ ಸಾರ್, ನಿಮ್ಮವರ ಓಟು ಯಾರಿಗೆ ಹೋಯಿತು?’ ಎಂದು ಮರಳಿ ಕೇಳಿದೆ. ಅವರು ಗಲಿಬಿಲಿಗೊಂಡು ನಕ್ಕರು. ‘ನಮ್ಮವರು ಅಂದರೆ ಯಾರಪ್ಪಾ? ನನ್ನ ಹೆಂಡತಿ ಯಾರಿಗೆ ಹಾಕಿದಳು ಅನ್ನೋದೇ ನನಗೆ ಗೊತ್ತಿಲ್ಲ’ ಎಂದರು. ನಮ್ಮ ಮನೆಯಲ್ಲೂ ಹಾಗೆಯೇ ಎಂದೆ.